ಹೆಸರಿಲ್ಲದ ಮಗುವಿನ ಋಣ



ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ನೀವು ಕಂಡಿರುತ್ತೀರಿ. ಕುಪ್ಪೇಲೂರಿನವರೋ ರಾಣೇಬೆನ್ನೂರು ಕಡೆಯವರೋ ಆಗಿದ್ದರೆ ನಿಮ್ಮ ಮನೆಯವರೇ ಆ ಕೆಲಸ ಮಾಡಿರಲೂಬಹುದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೊಗಳುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೂ ದಿನವಿಡೀ ತೊಟ್ಟು ಕಿತ್ತ ಕೈ ಸಂಜೆಗೆ ಉರಿಯದೆ ಬಿಡದು. ಎಷ್ಟು ನೀರು ಹೊಯ್ದರೂ ಆ ಉರಿ ಹೋಗುವುದಿಲ್ಲ, ತುಸು ಎಣ್ಣೆ ಸವರಿ ಒರೆಸಿದರೆ ತಣಿಯುತ್ತದೆ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದೇ ಅದಕ್ಕೆ ಕಾರಣ. ನಮ್ಮ ಅಜ್ಜಿಯರಿಗೆ ಕಾರಣ ಗೊತ್ತಿರಲಿಲ್ಲ, ಎಣ್ಣೆ ಮಾತ್ರ ಗೊತ್ತಿತ್ತು.

ಕೈ ಸುಟ್ಟಿಲ್ಲ, ಬೊಬ್ಬೆ ಎದ್ದಿಲ್ಲ, ಆದರೂ ಉರಿಯುವುದೇಕೆ? ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ 1997ರಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ನಮ್ಮ ನರಗಳ ಜೀವಕೋಶದ ಪೊರೆಯಲ್ಲಿ ಒಂದು ಅತಿ ಸಣ್ಣ ಬಾಗಿಲಿದೆ. ಸುಮಾರು 43 ಡಿಗ್ರಿಗೆ ಮೀರಿದ ಬಿಸಿ ತಗಲಿದರೆ ಅದು ತೆರೆಯುತ್ತದೆ, ಮಿದುಳಿಗೆ 'ಸುಡುತ್ತಿದೆ' ಎಂಬ ಸುದ್ದಿ ಮುಟ್ಟುತ್ತದೆ. ಮೆಣಸಿನಕಾಯಿಯ ಸತ್ವವೂ ಅದೇ ಬಾಗಿಲನ್ನು ತೆರೆಯುತ್ತದೆ. ಬೆಂಕಿಯಿಲ್ಲದೆ ಬೆಂಕಿಯ ಸುದ್ದಿ! ಈ ಶೋಧಕ್ಕಾಗಿ 2021ರಲ್ಲಿ ಜೂಲಿಯಸ್ ಅವರು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ನೊಬೆಲ್ ಬಹುಮಾನ ಹಂಚಿಕೊಂಡರು. ಮಂಡಿನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಖಾರದ ಸತ್ವ ಏಕೆ ಕೆಲಸ ಮಾಡುತ್ತದೆ ಎಂಬುದೂ ಇದರಿಂದ ತಿಳಿಯಿತು.

ಆ ಬಾಗಿಲನ್ನು ಅವರು ಹುಡುಕಿದ ರೀತಿಯನ್ನು ಗಮನಿಸಿ. ಪ್ರಾಣಿಯ ನರಕೋಶಗಳಿಂದ ವಂಶವಾಹಿಯ ತುಣುಕುಗಳನ್ನು ತೆಗೆದು, ಖಾರವೆಂದರೇನೆಂದೇ ಅರಿಯದ ಬೇರೆ ಕೋಶಗಳೊಳಗೆ ಸೇರಿಸಿದರು. ಬಳಿಕ ಎಲ್ಲಕ್ಕೂ ಖಾರದ ಸತ್ವ ಹಾಕಿ, ಯಾವ ಕೋಶ ಈಗ ಖಾರಕ್ಕೆ ಓಗೊಡುತ್ತದೆ ಎಂದು ನೋಡಿದರು. ಖಾರ ಅರಿಯದ ಆ ಕೋಶಗಳ ಹೆಸರು 'ಹೆಕ್ 293'. ಹೆಕ್ ಎಂದರೆ 'ಮಾನವ ಭ್ರೂಣದ ಮೂತ್ರಪಿಂಡ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಈ ವಾರ ನಾವು ಯೋಚಿಸಬೇಕಾಗಿರುವುದು ಆ ಹೆಸರಿನ ಬಗ್ಗೆ.

ಮೊದಲು ಇನ್ನೊಂದು ಯಂತ್ರದ ವಿಷಯ ಹೇಳಬೇಕು. ನಮ್ಮ ಊರುಗಳಿಂದ ಬಿ.ಫಾರ್ಮ, ಬಯೋಟೆಕ್ನಾಲಜಿ ಓದಿ ಬೆಂಗಳೂರು, ಹೈದರಾಬಾದುಗಳ ಔಷಧ ಪ್ರಯೋಗಾಲಯಗಳಿಗೆ ಹೋಗುವ ಮಕ್ಕಳು ಈಗ ಕಡಿಮೆಯೇನಿಲ್ಲ. ಅವರಿಗೆ ಇಂತಹ ಯಂತ್ರಗಳ ಪರಿಚಯ ಇರುತ್ತದೆ.

ಒಂದು ಬೇರನ್ನೋ ತೊಗಟೆಯನ್ನೋ ಕುದಿಸಿ ಕಷಾಯ ಮಾಡಿದರೆ ಅದರಲ್ಲಿ ನೂರಾರು ಬಗೆಯ ರಾಸಾಯನಿಕಗಳಿರುತ್ತವೆ. ರೋಗಕ್ಕೆ ಮದ್ದಾಗುವುದು ಅವುಗಳಲ್ಲಿ ಒಂದೋ ಎರಡೋ. ಒಂದೊಂದನ್ನೇ ಬೇರ್ಪಡಿಸಿ ಪರೀಕ್ಷಿಸುತ್ತ ಕುಳಿತರೆ ಆಯುಷ್ಯ ಸಾಲದು. ಚೀನಾದ ಶಿಯಾನ್ ನಗರದ ವಿಜ್ಞಾನಿ ಹೆ ಲಾಂಗ್‌ಚಾಂಗ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಜೀವಕೋಶದ ಪೊರೆಯನ್ನು ಬಿಡಿಸಿ, ಮರಳಿನಂತಹ ಸಿಲಿಕಾ ಪುಡಿಯ ಕಣಗಳ ಮೇಲೆ ಹೊದಿಸಿ, ಆ ಪುಡಿಯನ್ನು ಉಕ್ಕಿನ ಸಣ್ಣ ಕೊಳವೆಯೊಳಗೆ ತುಂಬಿದರು. ಆ ಕೊಳವೆಯ ಮೂಲಕ ಕಷಾಯವನ್ನು ಪಂಪಿನಿಂದ ಹಾಯಿಸಿದರು. ಕೋಶಪೊರೆ ಕ್ರೊಮ್ಯಾಟೋಗ್ರಫಿ ಎಂದು ಇದರ ಹೆಸರು.

ಹೆಸರು ದೊಡ್ಡದಾದರೂ ಕೆಲಸ ಸರಳ. ಜಾತ್ರೆಗೆ ಬಂದವರು ಊರೊಳಗಿನ ಓಣಿ ದಾಟಿ ಹೋಗುವುದನ್ನು ನೆನೆಯಿರಿ. ನೆಂಟರಿಲ್ಲದವನು ಸೀದಾ ನಡೆದು ಆ ತುದಿ ಮುಟ್ಟುತ್ತಾನೆ. ನೆಂಟರಿದ್ದವನು ಪ್ರತಿ ಮನೆಯ ಮುಂದೆ ನಿಂತು, ಕುಶಲ ಕೇಳಿ, ಚಹಾ ಕುಡಿದು, ಎಲ್ಲರಿಗಿಂತ ತಡವಾಗಿ ಹೊರಬೀಳುತ್ತಾನೆ. ಕೊಳವೆಯಲ್ಲೂ ಹಾಗೆಯೇ. ಪೊರೆಯ ಮೇಲಿನ ಗ್ರಾಹಕಗಳೊಂದಿಗೆ ನಂಟಿಲ್ಲದ ರಾಸಾಯನಿಕ ಬೇಗ ಹರಿದು ಹೋಗುತ್ತದೆ, ನಂಟಿರುವುದು ಅಂಟಿಕೊಂಡು ನಿಧಾನವಾಗಿ ಬರುತ್ತದೆ. ತಡವಾಗಿ ಬಂದದ್ದನ್ನು ಹಿಡಿದು ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಅದರ ತೂಕ, ಗುರುತು ತಿಳಿಯುತ್ತದೆ. ನಂಟಿದ್ದ ಮಾತ್ರಕ್ಕೆ ಮದ್ದಾಯಿತೆಂದು ತಿಳಿಯಬಾರದು. ಅದು ಬಾಗಿಲು ತೆರೆಯುವುದೋ ಮುಚ್ಚುವುದೋ, ವಿಷವೋ ಅಮೃತವೋ ಎಂಬುದಕ್ಕೆ ಮುಂದೆ ಬಹಳ ಪರೀಕ್ಷೆಗಳಿವೆ. ಆದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವವನಿಗೆ ಬಣವೆ ಹಿಡಿಯಷ್ಟಾದರೆ ಎಷ್ಟು ಉಪಕಾರ!

ಮೊದಮೊದಲು ಇಲಿ, ಮೊಲಗಳ ಅಂಗಗಳಿಂದ ಪೊರೆ ತೆಗೆಯುತ್ತಿದ್ದರು. ಆಮೇಲೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳು ಬಳಕೆಗೆ ಬಂದವು. ಬೇಕಾದ ಗ್ರಾಹಕದ ವಂಶವಾಹಿಯನ್ನು ಸೇರಿಸಿದರೆ ಹೆಕ್ 293 ಅದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಬೇಗನೆ ಬೆಳೆಯುತ್ತದೆ. ಹಾಗಾಗಿ ಈ ಕೊಳವೆಗಳಲ್ಲೂ ಅದು ಬಂದು ಕುಳಿತಿತು. ಪೊರೆ ಹೊದಿಸಿದ ಕೊಳವೆ ಕೆಲವೇ ದಿನ ಬಾಳುತ್ತದೆ. ಪೊರೆ ಸವೆದಾಗ ಹೊಸ ಕೋಶ ಬೆಳೆಸಿ ಹೊಸ ಕೊಳವೆ ಮಾಡಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಕ್ 293 ಹುಟ್ಟಿದ್ದು 1973ರ ಸುಮಾರಿಗೆ, ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ. ಅಲೆಕ್ಸ್ ಫಾನ್ ಡೆರ್ ಎಬ್ ಅವರ ಪ್ರಯೋಗಾಲಯದಲ್ಲಿ ಫ್ರಾಂಕ್ ಗ್ರಹಾಂ ಎಂಬ ವಿಜ್ಞಾನಿ ಭ್ರೂಣವೊಂದರ ಮೂತ್ರಪಿಂಡದ ಕೋಶಗಳಿಗೆ ವೈರಸ್ಸಿನ ತುಣುಕೊಂದನ್ನು ಸೇರಿಸಿ, ಅವು ಸಾಯದೆ ಬೆಳೆಯುತ್ತ ಹೋಗುವಂತೆ ಮಾಡಿದರು. 293 ಎಂಬುದು ಅವರ ಪ್ರಯೋಗದ ಕ್ರಮಸಂಖ್ಯೆ. ಆ ಭ್ರೂಣದ ಬಗ್ಗೆ ಸರಿಯಾದ ದಾಖಲೆ ಉಳಿದಿಲ್ಲ. ಗರ್ಭಪಾತ ಮಾಡಿಸಿದ್ದೆಂದೇ ಹೆಚ್ಚಿನವರು ಎಣಿಸುತ್ತಾರೆ, ತಾನಾಗಿ ಆದ ಗರ್ಭಸ್ರಾವ ಇದ್ದೀತು ಎಂಬ ಮಾತೂ ಇದೆ. ಅದು ಹೆಣ್ಣು ಮಗು ಎಂಬುದನ್ನು ಮಾತ್ರ ಕೋಶಗಳೇ ಹೇಳುತ್ತವೆ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಕಾಯಿದೆಯನ್ನೇ ಮಾಡಬೇಕಾಗಿ ಬಂದ ದೇಶದವರು ನಾವು. ಲೈಡನ್ನಿನ ಆ ಮಗು ಹೆಣ್ಣೆಂಬ ಕಾರಣಕ್ಕೆ ಹೋದದ್ದಲ್ಲ, ನಿಜ. ಆದರೂ ಓದುವಾಗ ಮನಸ್ಸು ಒಮ್ಮೆ ನಿಲ್ಲುತ್ತದೆ.

ಹೋಲಿಕೆಗೆ ಇನ್ನೊಂದು ಕಥೆ ಕೇಳಿ. ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ತಾಯಿ 1951ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳನ್ನು ಕೇಳದೆಯೇ ತೆಗೆದ ಕೋಶಗಳು 'ಹೀಲಾ' ಎಂಬ ಹೆಸರಿನಲ್ಲಿ ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅದೂ ಅನ್ಯಾಯವೇ. ಆದರೆ ಅವಳಿಗೆ ಹೆಸರಿತ್ತು, ಮಕ್ಕಳಿದ್ದರು. ಅವರು ಕೇಳಿದರು, ಹೋರಾಡಿದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಳಿಗೆ ಮರಣೋತ್ತರ ಗೌರವ ಸಲ್ಲಿಸಿತು. 2023ರಲ್ಲಿ ಅವಳ ವಂಶದವರಿಗೂ ಆ ಕೋಶಗಳಿಂದ ಲಾಭ ಪಡೆದ ಒಂದು ಕಂಪನಿಗೂ ರಾಜಿಯಾಯಿತು. 293ರ ಪರವಾಗಿ ಕೇಳುವವರು ಯಾರು? ಅವಳಿಗೆ ಹೆಸರಿಲ್ಲ, ಸಮಾಧಿಯಿಲ್ಲ. ತಾಯಿ ಯಾರೆಂದೂ ತಿಳಿಯದು.

ಹಾಗಾದರೆ ಇಂತಹ ಕೋಶಗಳಿಂದ ಕಂಡುಹಿಡಿದ ಔಷಧಿಯನ್ನು ಕ್ರೈಸ್ತರಾದ ನಾವು ಸೇವಿಸಬಹುದೇ? ಅಂತಹ ಕೊಳವೆಯ ಮುಂದೆ ನಮ್ಮ ಮಗ ಮಗಳು ಕುಳಿತು ಕೆಲಸ ಮಾಡಬಹುದೇ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಇವನ್ನು ಒಂದೇ ಎಂದು ಕಲಸಿದವರಿಂದಲೇ ಹೆಚ್ಚಿನ ಗೊಂದಲ ಹುಟ್ಟಿದೆ.

ಒಂದು ಬಾವಿಯನ್ನು ಊಹಿಸಿಕೊಳ್ಳಿ. ಐವತ್ತು ವರ್ಷಗಳ ಹಿಂದೆ ಊರ ಗೌಡನೊಬ್ಬ ವಿಧವೆಯೊಬ್ಬಳ ತುಂಡು ಭೂಮಿಯನ್ನು ಕಸಿದು ಅಲ್ಲಿ ಬಾವಿ ತೋಡಿಸಿದ. ಅವಳು ಅಳುತ್ತ ಊರು ಬಿಟ್ಟಳು. ಇಂದು ಓಣಿಯವರೆಲ್ಲ ಕುಡಿಯುವುದು ಅದೇ ನೀರು. ಸುಡು ಬೇಸಗೆಯಲ್ಲಿ ಜ್ವರದ ಮಗುವಿಗೆ ಒಂದು ಚೆಂಬು ನೀರು ಸೇದಿ ಕುಡಿಸಿದ ತಾಯಿ ಆ ಅನ್ಯಾಯದಲ್ಲಿ ಪಾಲುಗಾರಳೇ? ಅಲ್ಲವೆಂದು ನಮ್ಮ ಒಳಗಿನ ದನಿಯೇ ಹೇಳುತ್ತದೆ. ಆ ಬಾವಿಯ ಉಸ್ತುವಾರಿ ಹೊತ್ತು, 'ಹಳೆಯದನ್ನೆಲ್ಲ ಕೆದಕಬೇಡಿ' ಎನ್ನುವವನು? ಅವನ ಸ್ಥಿತಿ ತುಸು ಬೇರೆ. ಈ ಬಾವಿಯ ಲಾಭ ಕಂಡು ಇನ್ನೊಬ್ಬ ವಿಧವೆಯ ಹೊಲದ ಮೇಲೆ ಕಣ್ಣು ಹಾಕಿದವನು? ಅವನ ವಿಷಯದಲ್ಲಿ ಸಂಶಯವೇ ಬೇಡ.

ನೀತಿಶಾಸ್ತ್ರಜ್ಞರ ಪಾಲಕರೆನಿಸಿದ ಸಂತ ಅಲ್ಫೋನ್ಸ್ ಲಿಗೋರಿ ಗುರುವಾಗುವ ಮೊದಲು ನೇಪಲ್ಸ್ ನಗರದಲ್ಲಿ ವಕೀಲರಾಗಿದ್ದವರು. ಪರರ ಪಾಪದಲ್ಲಿ ಸಹಕರಿಸುವುದರ ಬಗೆಗಳನ್ನು ಅವರು ವಕೀಲರಂತೆಯೇ ಬಿಡಿಸಿಟ್ಟರು. ಮನಸ್ಸು ಕೊಟ್ಟು ಸಹಕರಿಸುವುದು ಬೇರೆ, ಮನಸ್ಸಿಲ್ಲದೆ ಕೈಯಿಂದ ಸಹಕಾರವಾಗಿಬಿಡುವುದು ಬೇರೆ. ಧರ್ಮಸಭೆ ಈ ವಿವೇಚನೆಯನ್ನೇ ಬೆಳೆಸಿಕೊಂಡು ಬಂದು, ಆ ಸಹಕಾರ ಹತ್ತಿರದ್ದೋ ದೂರದ್ದೋ ಎಂದೂ ಕೇಳುತ್ತದೆ. ಭ್ರೂಣದ ಕೋಶಗಳಿಂದ ತಯಾರಾದ ಲಸಿಕೆಗಳ ಬಗ್ಗೆ 2005ರಲ್ಲಿ ವ್ಯಾಟಿಕನ್ನಿನ ಜೀವಸಂರಕ್ಷಣೆಯ ಅಕಾಡೆಮಿ ಹೀಗೆಯೇ ವಿವೇಚಿಸಿತು. 2008ರಲ್ಲಿ ವಿಶ್ವಾಸ ಸಿದ್ಧಾಂತ ಪೀಠ ಹೊರಡಿಸಿದ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನಾಪತ್ರವೂ ಅದೇ ದಾರಿ ಹಿಡಿಯಿತು. 2020ರ ಡಿಸೆಂಬರ್ 21ರಂದು, ಪೋಪ್ ಫ್ರಾನ್ಸಿಸರ ಒಪ್ಪಿಗೆಯೊಂದಿಗೆ, ಅದೇ ಪೀಠ ಕೋವಿಡ್ ಲಸಿಕೆಗಳ ಬಗ್ಗೆ ಟಿಪ್ಪಣಿ ಹೊರಡಿಸಿತು: ದೋಷವಿಲ್ಲದ ಲಸಿಕೆ ಸಿಗದಿರುವಾಗ ಇವನ್ನು ತೆಗೆದುಕೊಳ್ಳಬಹುದು, ಆದರೆ ಹಾಗೆ ತೆಗೆದುಕೊಂಡದ್ದು ಗರ್ಭಪಾತಕ್ಕೆ ಕೊಟ್ಟ ಒಪ್ಪಿಗೆಯಾಗದು, ಕಂಪನಿಗಳೂ ಸರ್ಕಾರಗಳೂ ದೋಷವಿಲ್ಲದ್ದನ್ನು ತಯಾರಿಸಬೇಕು.

ಇದು ನಮ್ಮ ತೋಳಿನದೇ ಕಥೆ. 2021ರಲ್ಲಿ ತಾಲ್ಲೂಕು ಆಸ್ಪತ್ರೆಗಳ ಮುಂದೆ ಸರತಿಯಲ್ಲಿ ನಿಂತು ನಾವು ಹಾಕಿಸಿಕೊಂಡ ಕೋವಿಶೀಲ್ಡ್ ತಯಾರಾದದ್ದು ಹೆಕ್ 293ರ ಸಂತತಿಯ ಕೋಶಗಳಲ್ಲಿ. ಕೋವ್ಯಾಕ್ಸಿನ್ ತಯಾರಾದದ್ದು ಮಂಗನ ಮೂತ್ರಪಿಂಡದ ಕೋಶಗಳಲ್ಲಿ. ಆಗ ಯಾವುದು ಬಂದಿತ್ತೋ ಅದನ್ನು ಹಾಕಿಸಿಕೊಂಡೆವು. ಉಸಿರಿಗಾಗಿ ಒದ್ದಾಡುವವರ ನಡುವೆ ಆ ಬೇಸಗೆಯಲ್ಲಿ ಯಾರು ಏನು ಕೇಳಿಯಾರು? ಯಾರೂ ಪಾಪ ಮಾಡಲಿಲ್ಲ.

ಕೋಶಪೊರೆಯ ಕೊಳವೆಯಿಂದ ಸಿಗುವ ಔಷಧಿ ಇದಕ್ಕಿಂತಲೂ ದೂರದ್ದು. ಲಸಿಕೆ ಆ ಕೋಶದಲ್ಲೇ ಬೆಳೆಯುತ್ತದೆ. ಇಲ್ಲಿ ಗಿಡದ ಸತ್ವ ಆ ಪೊರೆಯನ್ನು ಸವರಿಕೊಂಡು ಹೋಗುತ್ತದೆ ಅಷ್ಟೆ. ಮುಂದೆ ಕಾರ್ಖಾನೆಯಲ್ಲಿ ಮಾತ್ರೆಯಾಗುವಾಗ ಅದರಲ್ಲಿ ಆ ಕೋಶದ ಕಣವೂ ಇರುವುದಿಲ್ಲ. ಆದ್ದರಿಂದ ರೋಗಿಯಾದ ನೀವು ವೈದ್ಯರು ಬರೆದ ಮಾತ್ರೆಯನ್ನು ಹಿಂಜರಿಕೆಯಿಲ್ಲದೆ ನುಂಗಿರಿ. ಇಲ್ಲೊಂದು ಮಾತು ಸೇರಿಸಬೇಕು. 2021ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಆಸ್ಪತ್ರೆಯೊಂದು, ಲಸಿಕೆ ಒಲ್ಲೆವೆಂದ ತನ್ನ ನೌಕರರಿಗೆ ಸುಮಾರು 30 ಸಾಮಾನ್ಯ ಔಷಧಿಗಳ ಪಟ್ಟಿ ಕೊಟ್ಟು, 'ಹಾಗಾದರೆ ಇವನ್ನೂ ಬಿಡಿ' ಎಂದಿತು. ಪ್ಯಾರಾಸಿಟಮಾಲ್, ಆಸ್ಪಿರಿನ್ ಕೂಡ ಇಂತಹ ಕೋಶಗಳ ಮೇಲೆ ಪರೀಕ್ಷೆಯಾದವು ಎಂಬುದು ವಾದ. ಈ ವಾದ ನಿಲ್ಲದು. ಆಸ್ಪಿರಿನ್ ತಯಾರಾದದ್ದು 1897ರಲ್ಲಿ. ಪ್ಯಾರಾಸಿಟಮಾಲ್ ಕೂಡ ಹತ್ತೊಂಬತ್ತನೆಯ ಶತಮಾನದ್ದೇ. 1973ರಲ್ಲಿ ಹುಟ್ಟಿದ ಕೋಶಕ್ಕೆ ಇವು ಯಾವ ಋಣವನ್ನೂ ಹೊತ್ತಿಲ್ಲ. ಯಾರೋ ನನ್ನ ಅಜ್ಜನ ಕೊಡಲಿಯನ್ನು ಆಮೇಲೆ ಕದ್ದ ಮರ ಕಡಿಯಲು ಬಳಸಿದರೆ ಅಜ್ಜ ಕಳ್ಳನಾಗುವನೇ?

ಸಂತ ಪೌಲರ ಕಾಲದಲ್ಲೂ ಇಂತಹ ಪ್ರಶ್ನೆ ಎದ್ದಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಕೊರಿಂಥದ ಅಂಗಡಿಗೆ ಮಾರಾಟಕ್ಕೆ ಬರುತ್ತಿತ್ತು. ಅದನ್ನು ಕೊಂಡು ತಿನ್ನಬಹುದೇ ಎಂದು ಹೊಸ ಕ್ರೈಸ್ತರು ಕಳವಳಪಟ್ಟರು. ಅಂಗಡಿಯಲ್ಲಿ ಸಿಕ್ಕಿದ್ದನ್ನು ವಿಚಾರಿಸದೆ ತಿನ್ನಿ ಎಂದು ಪೌಲರು ಬರೆದರು. ಆದರೆ ನಿನ್ನ ಊಟದಿಂದ ಪಕ್ಕದವನ ಮನಸ್ಸಾಕ್ಷಿ ಎಡವುವುದಾದರೆ ತಾನು ಬಿಟ್ಟೇನೆಂದೂ ಹೇಳಿದರು. ಒಂದೇ ಮಾಂಸ, ಎರಡು ಸಂದರ್ಭ.

ಈಗ ಆ ಎರಡನೆಯ ಪ್ರಶ್ನೆ. ನಿಮ್ಮ ಮಗಳಿಗೆ ಇಪ್ಪತ್ಮೂರು ವರ್ಷ ಎಂದಿಟ್ಟುಕೊಳ್ಳಿ. ಓದಿಸಲು ಮಾಡಿದ ಸಾಲ ಇನ್ನೂ ತೀರಿಲ್ಲ. ದೂರದ ನಗರದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಅವಳ ಕೈಗೆ ಕೊಟ್ಟಿರುವುದು ಇದೇ ಕೊಳವೆ. ಪೊರೆ ಸವೆದಾಗಲೆಲ್ಲ ಹೆಕ್ 293 ಕೋಶಗಳನ್ನು ಬೆಳೆಸಿ, ಒಡೆದು, ಪೊರೆ ಬೇರ್ಪಡಿಸಿ ಹೊದಿಸುವುದು ಅವಳ ಕೆಲಸ. ಮಾತ್ರೆ ನುಂಗುವವರಂತೆ ಅವಳು ದೂರದಲ್ಲಿಲ್ಲ. ಅದು ಅವಳ ದಿನನಿತ್ಯದ ಕೈಕೆಲಸ.

ದಿಗ್ನಿತಾಸ್ ಪೆರ್ಸೋನೆ ಈ ವಿಷಯದಲ್ಲಿ ಸಂಶೋಧಕರಿಗೆ ಮೆತ್ತಗೆ ಮಾತಾಡುವುದಿಲ್ಲ. ಗರ್ಭಪಾತ ಮಾಡಿದವರೊಡನೆ ಯಾವ ಸಂಪರ್ಕ ಇರದಿದ್ದರೂ ಅಂತಹ ಕೋಶಗಳನ್ನು ಬಳಸಲು ನಿರಾಕರಿಸುವುದು ಅವರ ಕರ್ತವ್ಯ, ಏಕೆಂದರೆ ಆ ಅನ್ಯಾಯವನ್ನು ಸಹಜವೆಂದು ಒಪ್ಪಿಕೊಂಡ ವ್ಯವಸ್ಥೆಯಿಂದ ತಾವು ದೂರವೆಂದು ತೋರಿಸಬೇಕು ಎನ್ನುತ್ತದೆ ಆ ಪತ್ರ. ಮಕ್ಕಳ ಪ್ರಾಣದ ವಿಷಯ ಬಂದಾಗ ಲಸಿಕೆ ಹಾಕಿಸುವ ತಂದೆತಾಯಿಗಳಿಗೆ ಅದೇ ಪತ್ರ ದಾರಿ ಬಿಡುತ್ತದೆ. ನಿರ್ಧಾರ ಮಾಡುವವರ ಹೊಣೆಯೂ ಆ ನಿರ್ಧಾರದಲ್ಲಿ ಮಾತಿಲ್ಲದವರ ಹೊಣೆಯೂ ಒಂದೇ ಅಲ್ಲವೆಂದೂ ಹೇಳುತ್ತದೆ. ಹಾಗಾದರೆ ಮೊದಲ ತಿಂಗಳ ಸಂಬಳ ಪಡೆದ ಹುಡುಗಿ ಎಲ್ಲಿ ನಿಲ್ಲುತ್ತಾಳೆ? ನನ್ನ ಅಭಿಪ್ರಾಯ ಹೇಳುತ್ತೇನೆ, ತಪ್ಪೆನಿಸಿದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ನಾಳೆಯೇ ಕೆಲಸ ಬಿಟ್ಟು ಬಾ ಎಂದು ಅವಳಿಗೆ ಹೇಳಲಾರೆ. ಕೋಶವನ್ನು ಆರಿಸಿದ್ದು ಅವಳಲ್ಲ. ಆದರೆ ಬಾಯಿ ಮುಚ್ಚಿಕೊಂಡಿರು ಎಂದೂ ಹೇಳಲಾರೆ.

ಏಕೆಂದರೆ ಕೇಳಲು ದಾರಿಯಿದೆ. ಅದೇ ಗ್ರಾಹಕವನ್ನು ಚೀನಾ ಹ್ಯಾಮ್‌ಸ್ಟರ್ ಎಂಬ ಇಲಿಯಂತಹ ಪ್ರಾಣಿಯ ಕೋಶದಲ್ಲೂ ಹೆಚ್ಚಿನ ಸಲ ಬೆಳೆಸಬಹುದು. ಆ ಕೋಶ 1957ರಿಂದಲೂ ಇದೆ, ಔಷಧ ಕಾರ್ಖಾನೆಗಳಿಗೆ ಚಿರಪರಿಚಿತ. ಕೆಲವು ಪರೀಕ್ಷೆಗೆ ಕೆಂಪು ರಕ್ತಕಣದ ಪೊರೆಯೂ ಸಾಕು. ಒಪ್ಪಿ ಕೊಟ್ಟ ವಯಸ್ಕರ ಕೋಶಗಳೂ ಇವೆ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶವನ್ನು, 2007ರಲ್ಲಿ ಮನುಷ್ಯರ ಚರ್ಮದ ಕೋಶವನ್ನು ಹಿಂದಿರುಗಿಸಿ, ಯಾವ ಅಂಗದ ಕೋಶವಾಗಿ ಬೇಕಾದರೂ ಬೆಳೆಯುವಂತೆ ಮಾಡಿದರು. 2012ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು. ಭ್ರೂಣ ಬೇಕಿಲ್ಲದ ದಾರಿ ಸಿಕ್ಕಿತೆಂದು ನಮ್ಮವರು ಬಹಳ ಸಂತೋಷಪಟ್ಟರು. ಸತ್ಯ ಪೂರ್ತಿ ಹೇಳಬೇಕಲ್ಲ: ಆ ಪ್ರಯೋಗಕ್ಕೆ ಬೇಕಾದ ವಂಶವಾಹಿಗಳನ್ನು ಹೊತ್ತ ವೈರಸ್ಸನ್ನು ತಯಾರಿಸಿದ್ದು ಹೆಕ್ 293ರ ಸಂತತಿಯ ಕೋಶಗಳಲ್ಲೇ. ಆ ಬಾವಿಯ ನೀರು ಎಷ್ಟು ಹೊಲಗಳಿಗೆ ಹರಿದಿದೆ ನೋಡಿ.

'ಆದದ್ದು ಆಗಿಹೋಯಿತು, ಒಂದೇ ಸಲ ಆದದ್ದು, ಈಗ ಯಾವ ಮಗುವೂ ಸಾಯಬೇಕಿಲ್ಲ' ಎಂದು ಕೆಲವರು ಹೇಳುತ್ತಾರೆ. ಹೆಕ್ 293 ತನ್ನಷ್ಟಕ್ಕೆ ಬೆಳೆಯುತ್ತದೆ ಎಂಬುದು ನಿಜ. ಆದರೆ ಒಂದೇ ಸಲ ಎಂಬುದು ನಿಜವಲ್ಲ. 1985ರಲ್ಲಿ ಇನ್ನೊಂದು ಭ್ರೂಣದ ಕಣ್ಣಿನ ಕೋಶಗಳನ್ನು ತೆಗೆದಿಟ್ಟರು. ಅವುಗಳಿಂದ 'ಪರ್ ಸಿ6' ಎಂಬ ತಳಿ ಬಂತು. 2015ರಲ್ಲಿ ಚೀನಾದಲ್ಲಿ ಗರ್ಭಪಾತದ ಭ್ರೂಣದ ಶ್ವಾಸಕೋಶದಿಂದ 'ವಾಲ್ವಾಕ್ಸ್ 2' ಎಂಬ ತಳಿಯನ್ನು ಬೆಳೆಸಿದ ವರದಿ ಬಂತು. ಹಳೆಯ ತಳಿಗಳು ಮುದಿಯಾಗುತ್ತವೆ, ಹೊಸತು ಬೇಕು ಎಂಬುದು ಅವರ ಸಮಜಾಯಿಷಿ. ಇನ್ನೊಬ್ಬ ವಿಧವೆಯ ಹೊಲದ ಮೇಲೆ ಕಣ್ಣು ಬೀಳುವುದೆಂದರೆ ಇದೇ. ಯಾರೂ ಕೇಳದೆ ಹೋದಾಗ, ಕೋಶದ ಮೂಲ ಬರೀ ಒಂದು ಕ್ರಮಸಂಖ್ಯೆಯಾಗಿ ಉಳಿದಾಗ, ಮುಂದಿನದು ಸುಲಭವಾಗುತ್ತದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. ಕೊಲೆಯಾದವನ ಮೂತ್ರಪಿಂಡವನ್ನು ಮನೆಯವರ ಒಪ್ಪಿಗೆಯಿಂದ ರೋಗಿಗೆ ಕಸಿ ಮಾಡಿದರೆ ನಾವು ಪುಣ್ಯವೆನ್ನುತ್ತೇವಲ್ಲ, ಇದು ಹೇಗೆ ಬೇರೆ? ಅಲ್ಲಿ ಒಪ್ಪಿಗೆ ಕೊಡುವವರು ಸತ್ತವನನ್ನು ಪ್ರೀತಿಸಿದವರು. ಇಲ್ಲಿ, ಗರ್ಭಪಾತವೇ ಆಗಿದ್ದಲ್ಲಿ, ಮಗು ಬೇಡವೆಂದು ತೀರ್ಮಾನಿಸಿದವರೇ ಅದರ ಪರವಾಗಿ ಒಪ್ಪಿಗೆ ಕೊಡಬೇಕಾಗಿತ್ತು. ಆ ತಾಯಿಯ ಮೇಲೆ ಕಲ್ಲೆಸೆಯಲು ಇದನ್ನು ಹೇಳುತ್ತಿಲ್ಲ. ಅವಳಿಗೆ ಯಾವ ಒತ್ತಡವಿತ್ತೋ, ಯಾರು ಕೈಬಿಟ್ಟಿದ್ದರೋ ಬಲ್ಲವರಿಲ್ಲ. ತನ್ನ ಮಗುವಿನ ಕೋಶಗಳು ಹೀಗೆ ಲೋಕ ತುಂಬಿವೆಯೆಂಬುದು ಅವಳಿಗೆ ಎಂದಾದರೂ ತಿಳಿಯಿತೋ ಇಲ್ಲವೋ.

ನಮ್ಮ ದೇಶದ ಪ್ರಯೋಗಾಲಯಗಳಿಗೆ ಇಂತಹ ಕೋಶಗಳನ್ನು ಪೂರೈಸುವ ಭಂಡಾರ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿದೆ. ಪ್ರಯೋಗಾಲಯ ಕೋಶ ತರಿಸುವಾಗ ಯಾವ ತಳಿ ಬೇಕೆಂದು ಬರೆದು ಕೇಳಬೇಕು. ನಿಮ್ಮ ಮಗಳು ಹೇಳಬಹುದಾದ ಮಾತಿಗೆ ಜಾಗ ಸಿಗುವುದು ಅಲ್ಲೇ: 'ಸರ್, ಈ ಗ್ರಾಹಕವನ್ನು ಹ್ಯಾಮ್‌ಸ್ಟರ್ ಕೋಶದಲ್ಲಿ ಬೆಳೆಸಿ ನೋಡೋಣವೇ?' ಹಿರಿಯರು ನಕ್ಕಾರು. ಮತ್ತೆ ಎರಡು ತಿಂಗಳ ಕೆಲಸವಾಗುತ್ತದೆ ಎಂದಾರು. ಒಪ್ಪಲೂಬಹುದು, ಯಾಕೆಂದರೆ ಕೆಲವು ಗ್ರಾಹಕಗಳಿಗೆ ಅದೇ ಒಳ್ಳೆಯ ಕೋಶ. ಒಪ್ಪದಿದ್ದರೆ ಬೇರೆ ಯೋಜನೆಗೆ ಹಾಕಿ ಎಂದು ಬೇಡಿಕೊಳ್ಳಬಹುದು. ಅನುಭವ ಬಂದು, ತಾನೇ ತಳಿಯನ್ನು ಆರಿಸುವ ಹುದ್ದೆಗೆ ಏರಿದ ದಿನ ಮಾತ್ರ ಅವಳ ಪಾಲಿಗೆ ಆ ಪತ್ರದ ಮಾತು ಪೂರ್ತಿಯಾಗಿ ಅನ್ವಯಿಸುತ್ತದೆ. ಅಂದು 'ಮೇಲಿನವರು ಹೇಳಿದರು' ಎನ್ನುವಂತಿಲ್ಲ.

ಈ ಭಾರವನ್ನು ಅವಳೊಬ್ಬಳ ಹೆಗಲಿಗೇ ಬಿಡಬೇಡಿ. ಭಾನುವಾರ ಪೂಜೆ ಮುಗಿಸಿ ಬಂದು ಮಗಳಿಗೆ ಫೋನು ಹಚ್ಚುವಾಗ ಊಟ ಆಯಿತೇ, ಸಂಬಳ ಬಂತೇ, ಹಬ್ಬಕ್ಕೆ ಬರುತ್ತೀಯಾ ಎಂದು ಕೇಳುತ್ತೀರಿ. ಅದರ ಜೊತೆಗೆ, ಅಲ್ಲಿ ನೀನು ಮಾಡುವ ಕೆಲಸ ಏನವ್ವಾ ಎಂದೂ ಒಮ್ಮೆ ಕೇಳಿ. ಗ್ರಾಹಕ, ಪೊರೆ, ಕೊಳವೆ ಎಂದು ಅವಳು ಏನೇನೋ ಹೇಳುತ್ತಾಳೆ, ಅರ್ಧ ತಿಳಿಯದು. ತೊಟ್ಟು ಬಿಡಿಸಿದ ಕೈ ಉರಿಯುವುದೇಕೆ ಎಂಬಲ್ಲಿಂದ ಶುರುಮಾಡು ಎನ್ನಿ. ಅಲ್ಲಿಂದ ಶುರುಮಾಡಿದರೆ ಮಾತು ಆ ಕೋಶದವರೆಗೆ ಬರುತ್ತದೆ. ಅದು ಎಲ್ಲಿಂದ ಬಂದದ್ದು ಎಂದು ಆಗ ಕೇಳಿ.